ಮಧ್ಯಾಹ್ನದ ಓಟ

ಹೆಸರೇನೋ ಕಡ್ಡಿ. ಆದರೆ ಬೆಕ್ಕಿನ ಡಾಕ್ಟರಮ್ಮ ಅದನ್ನು ಬುಟ್ಟಿಯಿಂದ ಎತ್ತಿ ಮೇಜಿನ ಮೇಲೆ ಇಳಿಸಿದಾಗ ಅದು ಹತ್ತಿ ತುಂಬಿದ ದಿಂಬಿನ ಹಾಗೆ ನಾಲ್ಕು ಕಡೆಗೂ ಹರಡಿಕೊಂಡು ಕೂತಿತು. ಡ್ರಿಲ್ ಮೇಷ್ಟ್ರಿಗೆ ತಲೆ ತಗ್ಗಿಸುವಂತಾಯಿತು. ನಿವೃತ್ತಿಯಾಗುವ ತನಕ ಶಾಲೆಯ ಮೈದಾನದಲ್ಲಿ ಊರಿನ ಅರ್ಧದಷ್ಟು ಮಕ್ಕಳನ್ನು ಓಡಿಸಿದವರು ಅವರು. ಹೊಟ್ಟೆ ಮುಂದೆ ಬಂದ ಗಣಿತದ ಮೇಷ್ಟ್ರನ್ನು ಕಂಡರೆ ಸುಮ್ಮನೆ ಬಿಟ್ಟವರಲ್ಲ. ಅಂಥವರ ಮನೆಯಲ್ಲೇ ಇಂಥದೊಂದು ಆಕಾರ ಬೆಳೆದಿದೆ ಎಂದರೆ ಯಾರಿಗೆ ಮುಖ ತೋರಿಸುವುದು?

ಬೆಕ್ಕು ಅವರದಲ್ಲ, ಅವರ ಹೆಂಡತಿಯದು. ಮೆಟ್ಟಿಲ ಕೆಳಗೆ ನಡುಗುತ್ತ ಕೂತಿದ್ದ ಮರಿಯನ್ನು ಎಷ್ಟೋ ವರ್ಷಗಳ ಹಿಂದೆ ಆಕೆಯೇ ಎತ್ತಿಕೊಂಡು ಬಂದಿದ್ದಳು. ಆಗ ಅದು ಬರೀ ಮೂಳೆ ಚಕ್ಕಳ. ಕಡ್ಡಿಯ ಹಾಗಿದೆಯಲ್ಲ ಎಂದು ಮಗಳು ಹೇಳಿದ್ದೇ ಹೆಸರಾಗಿ ಉಳಿಯಿತು. ಮನೆ ಇದ್ದದ್ದು ಮೂರನೆಯ ಮಹಡಿಯಲ್ಲಿ, ಕೆಳಗೆ ಬಸ್ಸು ಲಾರಿಗಳ ರಸ್ತೆ. ಹಾಗಾಗಿ ಕಡ್ಡಿ ಆಮೇಲೆ ಹೊಸಿಲು ದಾಟಿದ್ದೇ ಇಲ್ಲ. ಮೂರು ಕೋಣೆ, ಅವುಗಳ ನಡುವಿನ ಉದ್ದನೆಯ ಪ್ಯಾಸೇಜು, ರಸ್ತೆ ಕಡೆಯ ಒಂದು ಕಿಟಕಿ ಮತ್ತು ಮೇಷ್ಟ್ರ ಹೆಂಡತಿಯ ಮಡಿಲು, ಇಷ್ಟರಲ್ಲೇ ಅದರ ಸಂಸಾರ ಸಾಗಿತ್ತು.

ಮೇಷ್ಟ್ರು ಮಾತ್ರ ಮನೆಯಲ್ಲಿ ಕೂರುವ ಜಾತಿಯಲ್ಲ. ನಿವೃತ್ತಿಯಾದ ಮೇಲೂ ಮಧ್ಯಾಹ್ನದ ಊಟ ಗಂಟಲಿಳಿದ ತಕ್ಷಣ ಯಾರೂ ಕರೆಯದಿದ್ದರೂ ಮೈದಾನಕ್ಕೆ ಹೋಗುತ್ತಿದ್ದರು. ಅಲ್ಲಿ ಹೊಸ ಡ್ರಿಲ್ ಮೇಷ್ಟ್ರ ಪಕ್ಕ ನಿಂತು ಆತನಿಗೆ ತಲೆನೋವು ತಂದು ಸಂಜೆಗೆ ವಾಪಸಾಗುತ್ತಿದ್ದರು. ಬೀಗ ತೆಗೆದು ಒಳಗೆ ಬಂದರೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಹೆಂಡತಿ, ಆಕೆಯ ಮಡಿಲಲ್ಲಿ ಕಡ್ಡಿ. ಮಧ್ಯಾಹ್ನ ಬಿಟ್ಟುಹೋದ ಹಾಗೇ ಇಬ್ಬರೂ ಅಲ್ಲಾಡದೆ ಕೂತಿದ್ದಾರೆ ಎಂದು ಮೇಷ್ಟ್ರಿಗೆ ಅನ್ನಿಸುತ್ತಿತ್ತು. ಎದ್ದು ನಾಲ್ಕು ಹೆಜ್ಜೆ ಹಾಕಿ, ತುಕ್ಕು ಹಿಡಿಯುತ್ತೀರಿ ಎಂದು ದಿನವೂ ಒಂದು ಪಾಠ ಆಗುತ್ತಿತ್ತು. ನನಗೆ ಮಂಡಿ ನೋವು, ಅವಳಿಗೆ ನನ್ನ ಬಿಟ್ಟು ಏಳೋಕೆ ಮನಸ್ಸಿಲ್ಲ ಎಂದು ಆಕೆ ಕಿಟಕಿಯ ಕಡೆ ತಿರುಗಿ ನಗುತ್ತಿದ್ದಳು. ಆ ನಗುವಿನಲ್ಲಿ ಏನೋ ಇದೆ ಎಂದು ಮೇಷ್ಟ್ರಿಗೆ ಯಾವತ್ತೂ ಹೊಳೆದಿರಲಿಲ್ಲ. ಮಕ್ಕಳ ಮೊಣಕಾಲು ಎಷ್ಟು ಬಾಗುತ್ತದೆ ಎಂದು ಮೈದಾನದ ಆಚೆ ತುದಿಯಿಂದ ಹೇಳಬಲ್ಲ ಕಣ್ಣು ಅದು, ಮನೆಯೊಳಗೆ ಬಂದರೆ ಮಂಜಾಗುತ್ತಿತ್ತು.

ಆಕೆ ಹೋಗಿ ವರ್ಷವಾಗುತ್ತ ಬಂದಿತ್ತು. ಮಲಗಿದವಳು ಏಳಲಿಲ್ಲ, ಅಷ್ಟೇ. ಆಮೇಲೆ ಮನೆಯಲ್ಲಿ ಉಳಿದದ್ದು ಮೇಷ್ಟ್ರು, ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಮಗಳು ಮತ್ತು ಕಡ್ಡಿ. ಕಡ್ಡಿ ಕುರ್ಚಿ ಬಿಟ್ಟು ಇಳಿಯುವುದನ್ನೇ ಕಡಿಮೆ ಮಾಡಿತು. ಇಳಿದರೂ ಪ್ಯಾಸೇಜಿನ ಕೊನೆಯ ಕೋಣೆಗೆ ಹೋಗಿ, ತೆರೆದ ಬಾಗಿಲ ಹಿಂದೆ ಗೋಡೆಗೂ ಬಾಗಿಲಿಗೂ ನಡುವೆ ಉಳಿಯುವ ಸಂದಿನ ಎದುರು ಕೂತು ಒಳಗೆ ನೋಡುತ್ತಿತ್ತು. ಹಲ್ಲಿ ಇರಬೇಕು ಎಂದು ಮೇಷ್ಟ್ರು ಪೊರಕೆ ತಂದು ಗುಡಿಸಿ ನೋಡಿದರು. ಹಲ್ಲಿ ಇರಲಿಲ್ಲ. ಕಡ್ಡಿ ಮಾತ್ರ ಮರುದಿನವೂ ಅಲ್ಲೇ ಹೋಗಿ ಕೂತಿತು.

ತಾಯಿ ಇಲ್ಲದ ಬೆಕ್ಕು ಎಂದು ಮಗಳಿಗೆ ಕರುಳು ಚುರುಕ್ ಎಂದು, ಅಂಗಡಿಗೆ ಹೊರಡುವ ಮುಂಚೆ ಅದರ ತಟ್ಟೆಗೆ ಒಂದು ಹಿಡಿ ಹೆಚ್ಚಿಗೆ ಸುರಿದಳು. ಮಗಳಿಗೆ ಇದೆಲ್ಲ ಎಲ್ಲಿ ನೆನಪಿರುತ್ತದೆ ಎಂದುಕೊಂಡ ಮೇಷ್ಟ್ರು ಅವಳು ಹೋದ ಮೇಲೆ ಮತ್ತೆ ಹಾಕಿದರು. ಹೀಗೆ ಇಬ್ಬರೂ ಕದ್ದು ಕದ್ದು ಬೆಕ್ಕಿನ ದುಃಖಕ್ಕೆ ಅನ್ನ ಹಾಕುತ್ತಾ ಹೋದದ್ದರಿಂದ ಕಡ್ಡಿ ದಿಂಬಾಯಿತು. ಒಂದು ದಿನ ಅಪ್ಪ ಮಗಳು ಒಬ್ಬರ ಕೈಗೆ ಒಬ್ಬರು ಸಿಕ್ಕಿಬಿದ್ದು, ತಪ್ಪು ಯಾರದೆಂದು ಜಗಳವಾಡಿ, ಕೊನೆಗೆ ಇಬ್ಬರೂ ಸೇರಿ ಕಡ್ಡಿಯ ತಟ್ಟೆಗೆ ಕತ್ತರಿ ಹಾಕಿದರು. ಕಡ್ಡಿ ಆ ತಟ್ಟೆಯನ್ನು ಒಮ್ಮೆ ನೋಡಿ, ಇವರನ್ನು ಒಮ್ಮೆ ನೋಡಿ, ಊಟವನ್ನೇ ಬಿಟ್ಟಿತು. ಅದಕ್ಕೇ ಈ ಆಸ್ಪತ್ರೆ.

ಡಾಕ್ಟರಮ್ಮ ಬೆಕ್ಕಿನ ಹೊಟ್ಟೆ ಒತ್ತಿ, ಕಣ್ಣಿನ ರೆಪ್ಪೆ ಎಳೆದು ನೋಡಿದರು. ಇಷ್ಟು ದಪ್ಪಗಿರುವ ಬೆಕ್ಕು ಹೊಟ್ಟೆಗೆ ಏನೂ ತಿನ್ನದೆ ಇದ್ದರೆ ಲಿವರು ಕೈಕೊಡುತ್ತದೆ ಎಂದರು. ಇಂಜೆಕ್ಷನ್ ಕೊಟ್ಟು, ನಾಳೆ ಸಂಜೆಯೊಳಗೆ ತಾನಾಗಿ ತಿನ್ನಬೇಕು, ಇಲ್ಲದಿದ್ದರೆ ಮೂಗಿಗೆ ನಳಿಗೆ ಹಾಕಬೇಕಾಗುತ್ತದೆ, ಈ ವಯಸ್ಸಿನಲ್ಲಿ ಅದನ್ನು ತಡೆದುಕೊಳ್ಳುತ್ತದೆಯೋ ಇಲ್ಲವೋ ಹೇಳಲಾರೆ ಎಂದರು. ಆಮೇಲೆ ಕಡ್ಡಿಯ ಹಿಂಗಾಲನ್ನು ಹಿಡಿದು ಒತ್ತಿ ನೋಡುತ್ತ ಒಂದು ಪ್ರಶ್ನೆ ಕೇಳಿದರು.

“ಇದನ್ನ ಯಾರು ಆಡಿಸ್ತಿದ್ರು?”

ಅಪ್ಪ ಮಗಳು ಮುಖ ಮುಖ ನೋಡಿಕೊಂಡರು. ಯಾರೂ ಇಲ್ಲ, ಇದು ಆಡುವ ಬೆಕ್ಕಲ್ಲ, ಮೊದಲಿನಿಂದಲೂ ಕೂತ ಜಾಗ ಬಿಟ್ಟು ಎದ್ದದ್ದಿಲ್ಲ ಎಂದು ಮೇಷ್ಟ್ರು ಖಡಾಖಂಡಿತವಾಗಿ ಹೇಳಿದರು. ಡಾಕ್ಟರಮ್ಮ ಒಪ್ಪಲಿಲ್ಲ. ಮೇಲಿನ ಬೊಜ್ಜು ಈಚಿನದು, ಅದರ ಕೆಳಗಿರುವುದು ಒಳ್ಳೆ ಓಟಗಾರ್ತಿಯ ತೊಡೆ, ಇದು ವರ್ಷಗಟ್ಟಲೆ ಓಡಿದ ಬೆಕ್ಕು ಎಂದರು. ಮನೆಯೊಳಗೇ ಇರುವ ಬೆಕ್ಕಿಗೆ ಆಟವೇ ಬೇಟೆ, ಆಟವೇ ವ್ಯಾಯಾಮ. ಆಡಿದರೆ ಹಸಿವು ತಾನಾಗಿ ಬರುತ್ತದೆ. ಹಿಂದೆ ಯಾವ ಆಟ ಆಡುತ್ತಿತ್ತೋ ನೆನಪು ಮಾಡಿಕೊಂಡು ಅದನ್ನೇ ಆಡಿಸಿ ಎಂದು ಹೇಳಿ ಬುಟ್ಟಿಯ ಮುಚ್ಚಳ ಹಾಕಿದರು. ತೊಡೆ ನೋಡಿ ಓಟಗಾರರನ್ನು ಆರಿಸುತ್ತಿದ್ದ ಮನುಷ್ಯನಿಗೆ ಬೇರೆಯವರಿಂದ ಈ ಮಾತು ಕೇಳಬೇಕಾಗಿ ಬಂದದ್ದು ದಾರಿಯುದ್ದಕ್ಕೂ ಚುಚ್ಚುತ್ತಿತ್ತು.

ಮರುದಿನ ಮಗಳು ಅಂಗಡಿಗೆ ರಜೆ ಹಾಕಿದಳು. ಮೇಷ್ಟ್ರು ಬೆಳಿಗ್ಗೆಯೇ ಸೊಂಟ ಕಟ್ಟಿ ನಿಂತರು. ಮೊದಲು ಸೀಟಿ ಊದಿದರು. ಕಡ್ಡಿ ಮಂಚದ ಕೆಳಗೆ ಸೇರಿಕೊಂಡಿತು. ಅದನ್ನು ಹೊರಗೆ ಎಳೆದದ್ದಾಯಿತು. ಆಮೇಲೆ ಹಗ್ಗದ ತುದಿಗೆ ಗರಿ ಕಟ್ಟಿ ಎಳೆದಾಡಿದರು, ಚೆಂಡು ಉರುಳಿಸಿದರು, ದಪ್ಪ ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿ ಹಾರುವುದು ಹೇಗೆಂದು ತಾವೇ ಹಾರಿ ತೋರಿಸಿದರು. ಹಾರಿ ಇಳಿಯುವಾಗ ಒಂದು ಪುಸ್ತಕ ಜಾರಿ ಕಪಾಟಿಗೆ ಭುಜ ಹೊಡೆದುಕೊಂಡರು, ಕಪಾಟಿನ ಮೇಲಿದ್ದ ಕಬ್ಬಿಣದ ಡಂಬೆಲ್ಲು ನೆಲಕ್ಕೆ ಬಿದ್ದು ಇಡೀ ಕಟ್ಟಡ ನಡುಗಿತು. ಕಡ್ಡಿ ಕ್ಯಾರೇ ಅನ್ನಲಿಲ್ಲ. ಮಗಳು ಬೇಯಿಸಿದ ಕೋಳಿಯ ಚೂರನ್ನು ಅದರ ಮೂಗಿನ ಹತ್ತಿರ ಹಿಡಿದರೆ ಮುಖ ತಿರುಗಿಸಿತು. ಮಧ್ಯಾಹ್ನದ ಹೊತ್ತಿಗೆ ಅದರ ಕಣ್ಣಿನ ಹೊಳಪು ಇಳಿದಿತ್ತು, ಮಗಳ ಕಣ್ಣಲ್ಲಿ ನೀರು ಬಂದಿತ್ತು. ಅಮ್ಮನದು ಅಂತ ಉಳಿದಿರೋದು ಇದೊಂದೇ ಅಪ್ಪ ಎಂದು ಅವಳು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಏನು ಮಾಡುವುದೆಂದು ತೋಚದಾಗ ಮೇಷ್ಟ್ರಿಗೆ ಕೆಳಗಿನ ಮನೆಯ ನೆನಪಾಯಿತು. ಅಲ್ಲಿ ಒಬ್ಬ ಟೈಲರಮ್ಮ ಮನೆಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದರು. ಡಂಬೆಲ್ಲು ಬಿದ್ದ ಸದ್ದಿಗೆ ಅವರು ಬೆಚ್ಚಿ ಸೂಜಿಗೆ ಬೆರಳು ಕೊಟ್ಟಿರಬಹುದು. ಹೋಗಿ ಒಂದು ಮಾತು ಕ್ಷಮೆ ಕೇಳಿ ಬರೋಣವೆಂದು ಮೇಷ್ಟ್ರು ಮೆಟ್ಟಿಲಿಳಿದರು.

ಟೈಲರಮ್ಮ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ತೆಗೆದು, ಕೂರಲು ಸ್ಟೂಲು ಕೊಟ್ಟರು. ಮೇಷ್ಟ್ರು ಬೆಕ್ಕಿನ ಕಥೆಯನ್ನೆಲ್ಲ ಹೇಳಿ, ಸದ್ದಿನಿಂದ ತೊಂದರೆಯಾಯಿತೇನೋ ಎಂದರು. ಆಕೆ ನಕ್ಕುಬಿಟ್ಟರು.

“ಇದೆಂಥ ಸದ್ದು ಮೇಷ್ಟ್ರೇ. ನಿಮ್ಮ ಮನೆಯವರು ಓಡ್ತಿದ್ದಾಗ ನನ್ನ ಗೋಡೆಗೆ ನೇತುಹಾಕಿರೋ ಕತ್ತರಿಗಳೆಲ್ಲ ಕುಣೀತಿದ್ವು.”

ಮೇಷ್ಟ್ರಿಗೆ ಅರ್ಥವಾಗಲಿಲ್ಲ. ಯಾರು ಓಡುತ್ತಿದ್ದದ್ದು ಎಂದು ಕೇಳಿದರು. ನಿಮ್ಮ ಮನೆಯವರೇ, ಬೆಕ್ಕಿನ ಜೊತೆ, ದಿನಾ ಮಧ್ಯಾಹ್ನ ಎಂದರು ಟೈಲರಮ್ಮ. ಮೇಷ್ಟ್ರು ತಲೆಯಾಡಿಸಿದರು. ನೀವು ಯಾರನ್ನೋ ನೆನೆಸಿಕೊಂಡು ಮಾತಾಡುತ್ತಿದ್ದೀರಿ, ಆಕೆಗೆ ಮಂಡಿ ನೋವಿತ್ತು, ಇಷ್ಟು ವರ್ಷದ ಸಂಸಾರದಲ್ಲಿ ಆಕೆ ಓಡಿದ್ದನ್ನು ನಾನು ಕಂಡಿಲ್ಲ ಎಂದರು. ಹೇಳುತ್ತಿದ್ದ ಹಾಗೆ ಅದು ಸುಳ್ಳೆಂದು ಅವರಿಗೇ ನೆನಪಾಯಿತು. ಒಂದು ಸಲ ಕಂಡಿದ್ದರು.

ಮದುವೆಯಾದ ಹೊಸತು. ಇಬ್ಬರೂ ಎಲ್ಲಿಗೋ ಹೊರಟಿದ್ದರು, ಬಸ್ಸು ಹೊರಟೇಬಿಟ್ಟಿತ್ತು. ಮೇಷ್ಟ್ರು ಓಡು ಎನ್ನುವುದರೊಳಗೆ ಆಕೆ ಚಪ್ಪಲಿ ಕೈಗೆ ತೆಗೆದುಕೊಂಡು ಓಡಿ, ಗಂಡನಿಗಿಂತ ಮುಂಚೆ ಬಸ್ಸಿನ ಕಂಬಿ ಹಿಡಿದು ಹತ್ತಿ, ತಿರುಗಿ ನಿಂತು ಬಸ್ಸಿನವರೆಲ್ಲ ನೋಡುವ ಹಾಗೆ ನಕ್ಕಿದ್ದಳು. ಕೂದಲೆಲ್ಲ ಬಿಚ್ಚಿಹೋಗಿತ್ತು. ಎಷ್ಟು ಚೆನ್ನಾಗಿ ಕಂಡಿದ್ದಳು! ಮೇಷ್ಟ್ರು ಆಗ ಏದುಸಿರು ಬಿಡುತ್ತ ಏನು ಹೇಳಿದ್ದರೆಂದರೆ, ಹೆಜ್ಜೆ ಇನ್ನೂ ಸ್ವಲ್ಪ ಅಗಲ ಇಟ್ಟಿದ್ದರೆ ಇನ್ನೂ ಬೇಗ ಹಿಡಿಯಬಹುದಿತ್ತು ಎಂದು. ಮುಂದಿನ ವಾರವೇ ಆಕೆಯನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ, ಸೀಟಿ ಊದಿ, ಕೈ ಹೇಗೆ ಆಡಿಸಬೇಕೆಂದು ತೋರಿಸಿದರು. ಆಕೆ ಅರ್ಧ ಸುತ್ತು ಓಡಿ ಮರದ ಕೆಳಗೆ ಕೂತವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಆಕೆಗೆ ಓಡುವುದೆಂದರೆ ಆಗುವುದಿಲ್ಲ ಎಂದು ಮೇಷ್ಟ್ರು ಅಂದೇ ತೀರ್ಮಾನ ಮಾಡಿ ಅದನ್ನೇ ನಂಬಿಕೊಂಡು ಬಂದಿದ್ದರು.

“ನೀವು ನಮಗೆ ಯಾಕೆ ಹೇಳಲಿಲ್ಲ?” ಎಂದು ಕೇಳಿದರು.

ಟೈಲರಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿಟ್ಟರು. ಸದ್ದು ಶುರುವಾದ ಹೊಸದರಲ್ಲಿ ತಾವೇ ಮೇಲೆ ಹೋಗಿ ದೂರು ಹೇಳಿದ್ದನ್ನು ನೆನೆಸಿಕೊಂಡರು. ಬಾಗಿಲು ತೆಗೆದ ಮೇಷ್ಟ್ರ ಹೆಂಡತಿಯ ಹಣೆ ಬೆವೆತಿತ್ತಂತೆ, ಕೆನ್ನೆ ಕೆಂಪಾಗಿತ್ತಂತೆ, ಶಾಲೆ ತಪ್ಪಿಸಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ತುಟಿ ಕಚ್ಚಿಕೊಂಡಿದ್ದಳಂತೆ. ಅವತ್ತೇ ಇಬ್ಬರಿಗೂ ಒಪ್ಪಂದವಾಯಿತು. ಟೈಲರಮ್ಮ ಊಟ ಮಾಡಿ ಕೈತೊಳೆಯುವ ಹೊತ್ತಿನಲ್ಲಿ ಮೇಲೆ ಓಟ, ಆಮೇಲೆ ಕೆಳಗೆ ಮೆಷಿನ್.

“ಅವರೇ ಹೇಳಬೇಡಿ ಅಂದ್ರು ಮೇಷ್ಟ್ರೇ. ನಮ್ಮವರಿಗೆ ಗೊತ್ತಾದ್ರೆ ನಾಳೆಯಿಂದ ಇದಕ್ಕೂ ಸೀಟಿ ಊದ್ತಾರೆ ಅಂದ್ರು. ತಮಾಷೆಗೇ ಅಂದಿದ್ದು, ನೀವು ಮನಸ್ಸಿಗೆ ಹಚ್ಕೋಬೇಡಿ.”

ಮನಸ್ಸಿಗೆ ಹಚ್ಚಿಕೊಳ್ಳದೆ ಇರುವುದು ಹೇಗೆ? ತಾವು ಮನೆಯಿಂದ ಕಾಲು ಹೊರಗಿಟ್ಟ ಮೇಲೆ ಆಕೆ ಓಡುತ್ತಿದ್ದಳು. ತಾವು ಒಳಗೆ ಬರುವಷ್ಟರಲ್ಲಿ ಕುರ್ಚಿಯಲ್ಲಿ ಕೂತುಬಿಡುತ್ತಿದ್ದಳು. ಕಳ್ಳರ ಹಾಗೆ, ಬೆಕ್ಕೂ ಆಕೆಯ ಜೊತೆ ಶಾಮೀಲು. ಮೇಷ್ಟ್ರು ಸಿಟ್ಟು ಮಾಡಿಕೊಳ್ಳಬೇಕೆಂದು ನೋಡಿದರು, ಬರಲಿಲ್ಲ. ನಗುತ್ತಿದ್ದಳಾ ಎಂದು ಮಾತ್ರ ಕೇಳಿದರು. ದಿನಾ ನಗುತ್ತಿದ್ದರು, ಜೋರಾಗಿ, ನನಗೂ ಕೆಳಗೆ ಕೂತಲ್ಲೇ ನಗು ಬರುತ್ತಿತ್ತು ಎಂದರು ಟೈಲರಮ್ಮ. ಆ ನಗು ಹೇಗಿತ್ತೆಂದು ಮೇಷ್ಟ್ರು ನೆನಪಿಸಿಕೊಳ್ಳಲು ಹೋದರೆ ಬಸ್ಸಿನ ಬಾಗಿಲಲ್ಲಿ ನಿಂತ ಹುಡುಗಿಯ ಹೊರತು ಬೇರೇನೂ ಸಿಗಲಿಲ್ಲ.

ಆದರೆ ಸಂಜೆ ಹತ್ತಿರ ಬರುತ್ತಿತ್ತು, ದುಃಖಪಡಲು ಪುರುಸೊತ್ತಿರಲಿಲ್ಲ. ಯಾವ ಆಟ ಆಡುತ್ತಿದ್ದಳು ಎಂದು ಕೇಳಿದರು. ನಾನು ನೋಡಿಲ್ಲ, ಕೇಳಿದ್ದು ಮಾತ್ರ ಎಂದರು ಟೈಲರಮ್ಮ. ಆಮೇಲೆ ಏನೋ ಹೊಳೆದವರಂತೆ ಬಟ್ಟೆ ಅಳೆಯುವ ಮರದ ಸ್ಕೇಲನ್ನು ತೆಗೆದುಕೊಂಡು ಎದ್ದು, ಕತ್ತೆತ್ತಿ ತಮ್ಮ ಮನೆಯ ಚಾವಣಿಯನ್ನೇ ನೋಡುತ್ತ ನಡೆದರು. ಇಲ್ಲಿ ಶುರು ಎಂದು ಕಿಟಕಿಯ ಹತ್ತಿರ ಸ್ಕೇಲು ಎತ್ತಿ ತೋರಿಸಿದರು. ಇಲ್ಲಿಂದ ಹೀಗೆ ಉದ್ದಕ್ಕೆ ಓಡಿ, ಈ ಕೊನೆಯ ಕೋಣೆಗೆ ತಿರುಗಿ, ಈ ಮೂಲೆಯಲ್ಲಿ ನಿಂತರೆ ಸದ್ದೇ ಇಲ್ಲ. ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಬೆಕ್ಕಿನ ಕಾಲು, ಆಮೇಲೆ ನಗು.

ಮೇಷ್ಟ್ರು ಸ್ಕೇಲಿನ ತುದಿಯನ್ನೇ ನೋಡುತ್ತ ನಿಂತರು. ಆ ಮೂಲೆಯ ನೇರ ಮೇಲೆ ಏನಿದೆ? ಕೊನೆಯ ಕೋಣೆಯ ಬಾಗಿಲ ಹಿಂದಿನ ಸಂದು. ವರ್ಷವಿಡೀ ಕಡ್ಡಿ ಹೋಗಿ ಕೂರುತ್ತಿದ್ದ ಜಾಗ. ಆಕೆ ಓಡಿ ಬಚ್ಚಿಟ್ಟುಕೊಳ್ಳುತ್ತಿದ್ದಳು, ಬೆಕ್ಕು ಹುಡುಕುತ್ತಿತ್ತು. ಅದು ಸೋಮಾರಿತನದಿಂದ ಅಲ್ಲಿ ಕೂತದ್ದಲ್ಲ, ಹಲ್ಲಿಗಾಗಿಯೂ ಅಲ್ಲ. ಇಷ್ಟು ದಿನವೂ ಅದು ಆಟದ ತನ್ನ ಪಾಲನ್ನು ತಾನು ಆಡುತ್ತಲೇ ಇತ್ತು. ಮೇಷ್ಟ್ರು ಪೊರಕೆ ತಂದು ಗುಡಿಸಿದ್ದರು.

ಅವರು ಫೋನು ತೆಗೆದು ಮೇಲಿದ್ದ ಮಗಳಿಗೆ ಮಾಡಿದರು. ನಡೆದದ್ದನ್ನೆಲ್ಲ ಉಸಿರು ತೆಗೆದುಕೊಳ್ಳದೆ ಹೇಳಿ, ಈಗ ನೀನು ಕಿಟಕಿಯಿಂದ ಓಡಿಹೋಗಿ ಆ ಬಾಗಿಲ ಹಿಂದೆ ನಿಲ್ಲು ಎಂದರು. ಅಮ್ಮ ಓಡುತ್ತಿದ್ದಳಾ ಎಂದು ಮಗಳು ಎರಡೆರಡು ಸಲ ಕೇಳಿದಳು, ಆಮೇಲೆ ಓಡಿದಳು. ಚಾವಣಿಯಲ್ಲಿ ಹೆಜ್ಜೆಗಳು ದಡದಡ ಎಂದು ಈ ತುದಿಯಿಂದ ಆ ತುದಿಗೆ ಹೋಗಿ ನಿಂತವು. ಕೆಳಗೆ ಇಬ್ಬರೂ ಕಿವಿ ನಿಮಿರಿಸಿಕೊಂಡು ಕಾದರು. ಏನೂ ಇಲ್ಲ. ಕಡ್ಡಿ ಕುರ್ಚಿಯಲ್ಲೇ ತಲೆಯೆತ್ತಿ ನೋಡಿದಳು, ಮತ್ತೆ ಮಲಗಿದಳು ಎಂದು ಫೋನಿನಲ್ಲಿ ಮಗಳು ಪಿಸುಗುಟ್ಟಿದಳು.

“ಇವಳದು ಎರಡೂ ಕಾಲು ಒಂದೇ ಸಮ ಬೀಳ್ತಿದೆ. ಅವರದು ಹಾಗಿರಲಿಲ್ಲ,” ಎಂದರು ಟೈಲರಮ್ಮ.

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಹೇಗಿತ್ತು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆಕೆಯ ನಡಿಗೆಯನ್ನು ಅವರು ತಿದ್ದಲು ಹೊರಟು ಸೋತವರು, ಅದರ ಒಂದೊಂದು ತಪ್ಪೂ ಅವರಿಗೆ ಬಾಯಿಪಾಠವಾಗಿತ್ತು. ಎಡ ಮಂಡಿಯ ಮೇಲೆ ಭಾರ ಬಿಡುತ್ತಿರಲಿಲ್ಲ. ಬಲಗಾಲು ಹಿಮ್ಮಡಿ ಮೊದಲು ಊರುತ್ತಿತ್ತು. ತಿರುಗುವಾಗ ಒಂದು ಕ್ಷಣ ಗೋಡೆ ಹಿಡಿಯುತ್ತಿದ್ದಳು. ಇಷ್ಟು ದಿನ ತಪ್ಪು ಎಂದು ಎಣಿಸಿದ್ದೆಲ್ಲ ಈಗ ಹತ್ತಿರದ್ದಾಗಿತ್ತು. ಅವರು ಅವನ್ನೇ ಫೋನಿನಲ್ಲಿ ಒಂದೊಂದಾಗಿ ಹೇಳಿದರು.

“ಎಡಗಾಲು ಮೆತ್ತಗೆ ಇಡು. ಬಲಗಾಲು ಹಿಮ್ಮಡಿ ಊರಿ ಜೋರಾಗಿ. ಕೈ ಆಡಿಸಬೇಡ, ಒಂದು ಕೈ ಗೋಡೆಗೆ ಸವರಿಕೊಂಡು ಹೋಗು. ನಿಮ್ಮಮ್ಮ ಮೆಟ್ಟಿಲು ಹತ್ತೋಳಲ್ಲ, ಹಾಗೆ ಓಡು ಮಗಳೇ.”

ಮಗಳು ವಾಪಸು ಕಿಟಕಿಯ ಹತ್ತಿರ ಹೋದಳು. ಆಮೇಲೆ ಒಂದು ಜೋರು, ಒಂದು ಮೆತ್ತಗೆ, ಒಂದು ಜೋರು, ಒಂದು ಮೆತ್ತಗೆ, ಹೆಜ್ಜೆಗಳು ಚಾವಣಿಯ ಮೇಲೆ ಹಾದುಹೋದವು. ಗೋಡೆಯ ಮೇಲಿನ ಕತ್ತರಿಗಳು ಕಿಣಿಕಿಣಿ ಎಂದವು. ಟೈಲರಮ್ಮ ಸ್ಕೇಲನ್ನು ಎದೆಗೆ ಒತ್ತಿಕೊಂಡು, ಇದೇ, ಇದೇ ಎಂದರು. ಹೆಜ್ಜೆಗಳು ಮೂಲೆಯಲ್ಲಿ ನಿಂತವು. ಹೊರಗೆ ಒಂದು ಬಸ್ಸು ಹೋಯಿತು, ಅದರ ಸದ್ದು ಅಡಗುವ ತನಕ ಅವರಿಗೆ ಏನೂ ಕೇಳಿಸಲಿಲ್ಲ. ಆಮೇಲೆ ಕಿಟಕಿಯ ಕಡೆ ಏನೋ ಭಾರವಾದದ್ದು ಕುರ್ಚಿಯಿಂದ ನೆಲಕ್ಕೆ ಧೊಪ್ಪೆಂದು ಇಳಿಯಿತು. ಮೆಲ್ಲಗೆ ಶುರುವಾಗಿ, ಬರಬರುತ್ತ ಚುರುಕಾಗಿ, ಚಾವಣಿಯುದ್ದಕ್ಕೂ ನಾಲ್ಕು ಕಾಲಿನ ಸದ್ದು ಓಡಿತು. ಕೊನೆಗೆ ಮೂಲೆಯಲ್ಲಿ ಮಗಳ ನಗು ಕೇಳಿಸಿತು.

ಅದು ಅವಳ ತಾಯಿಯ ನಗುವಿನ ಹಾಗೇ ಇತ್ತು. ಮೇಷ್ಟ್ರು ಸ್ಟೂಲಿನ ಮೇಲೆ ಕೂತರು. ಫೋನಿನಲ್ಲಿ ಮಗಳು ನಗುತ್ತ ಅಳುತ್ತ ಏನೇನೋ ಹೇಳುತ್ತಿದ್ದಳು. ಕಡ್ಡಿ ಬಂದು ಅವಳ ಪಾದದ ಮೇಲೆ ಕೈಯಿಟ್ಟು, ಸಿಕ್ಕಿಬಿದ್ದೆ ಎನ್ನುವ ಹಾಗೆ ಒಮ್ಮೆ ಕೂಗಿ, ಮತ್ತೆ ಕಿಟಕಿಯ ಹತ್ತಿರ ಓಡಿ ಕಾಯುತ್ತಿತ್ತು. ಮತ್ತೆ ಓಟ, ಮತ್ತೆ ನಿಶ್ಶಬ್ದ, ಮತ್ತೆ ನಗು. ಮೇಲೆ ಹೋಗುವುದಿಲ್ಲವೇ ಎಂದು ಟೈಲರಮ್ಮ ಕೇಳಿದರು. ನಾನು ಹೋದರೆ ಆಟ ನಿಂತುಹೋಗುತ್ತದೆ, ಇಲ್ಲೇ ಕೂತು ಸ್ವಲ್ಪ ಕೇಳುತ್ತೇನೆ ಎಂದರು ಮೇಷ್ಟ್ರು. ಇಷ್ಟು ವರ್ಷ ತಮ್ಮ ತಲೆಯ ಮೇಲೇ ಇದು ನಡೆಯುತ್ತಿತ್ತು ಎಂದು ಟೈಲರಮ್ಮನಾದರೂ ಹೇಳಬಹುದು. ಮೇಷ್ಟ್ರ ಪಾಲಿಗೆ ಬಂದದ್ದು ಕಿಟಕಿಯ ಪಕ್ಕದ ಆ ಕುರ್ಚಿ ಮಾತ್ರ. ಯಾರೋ ಬಟ್ಟೆ ಕೊಡಲು ಬಂದವರು, ಚಾವಣಿ ನೋಡುತ್ತ ಕೂತ ಮುದುಕರನ್ನೂ ಪಕ್ಕದಲ್ಲಿ ನಿಂತ ಟೈಲರಮ್ಮನನ್ನೂ ನೋಡಿ, ನಾಳೆ ಬರುತ್ತೇನೆ ಎಂದು ಹೊರಟುಹೋದರು.

ಕೊನೆಗೆ ಮಗಳೇ ಸೋತಳು. “ಅಪ್ಪ, ಬನ್ನಿ. ನನ್ನ ಉಸಿರು ಹೋಯ್ತು, ಇವಳದು ಇನ್ನೂ ಮುಗಿದಿಲ್ಲ,” ಎಂದಳು.

ಮೇಷ್ಟ್ರು ಮೆಟ್ಟಿಲು ಹತ್ತಿ, ಬಾಗಿಲು ಸದ್ದಾಗದ ಹಾಗೆ ತೆಗೆದು ಒಳಗೆ ಇಣುಕಿದರು. ಕಡ್ಡಿ ತಟ್ಟೆಯ ಮುಂದೆ ಕೂತು ಕೋಳಿಯ ಚೂರುಗಳನ್ನು ಒಂದೊಂದಾಗಿ ತಿನ್ನುತ್ತಿತ್ತು. ಮಗಳು ಗೋಡೆಗೆ ಒರಗಿ ಕಾಲು ಚಾಚಿ ಕೂತು, ಮಾತಾಡಬೇಡಿ ಎಂದು ಬೆರಳಿನಲ್ಲೇ ಸನ್ನೆ ಮಾಡಿದಳು. ಇಬ್ಬರೂ ಪರೀಕ್ಷೆಯ ಫಲಿತಾಂಶ ನೋಡುವವರ ಹಾಗೆ ಬೆಕ್ಕಿನ ಬಾಯನ್ನೇ ನೋಡಿದರು. ತಟ್ಟೆ ಖಾಲಿಯಾಯಿತು. ಡಾಕ್ಟರಮ್ಮನಿಗೆ ಫೋನು ಮಾಡಿ ಹೇಳಿದ್ದಾಯಿತು. ನಳಿಗೆ ಬೇಡ, ಆಟ ಬಿಡಬೇಡಿ ಎಂದರು ಅವರು. ಕಡ್ಡಿ ಮೂತಿ ನೆಕ್ಕಿಕೊಂಡು, ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ಕೂತಿತು.

ಈಗ ನಿಮ್ಮ ಸರದಿ ಎಂದಳು ಮಗಳು. ನನಗೆ ಬರೋದಿಲ್ಲ ಎಂದರು ಮೇಷ್ಟ್ರು, ನಿಜವಾಗಿಯೂ ಹೆದರಿ. ಜೀವಮಾನವೆಲ್ಲ ಮೈದಾನದ ನಡುವೆ ನಿಂತು ಎಲ್ಲರ ಕಣ್ಣಿಗೂ ಬಿದ್ದವರಿಗೆ ಅಡಗಿಕೊಳ್ಳುವುದು ಎಲ್ಲಿ ಗೊತ್ತು? ಆದರೂ ಎದ್ದು ಓಡಿದರು. ಹೆಜ್ಜೆ ಅಗಲವಿತ್ತೋ ಇಲ್ಲವೋ ನೋಡಲಿಲ್ಲ. ಪ್ಯಾಸೇಜು ದಾಟಿ, ಗೋಡೆ ಹಿಡಿದು ತಿರುಗಿ, ಕೊನೆಯ ಕೋಣೆಯ ಬಾಗಿಲ ಹಿಂದೆ ಸೇರಿಕೊಂಡರು.

ಅಲ್ಲಿ ಜಾಗ ಬಹಳ ಇಕ್ಕಟ್ಟು, ಹೊಟ್ಟೆಯನ್ನು ಎಳೆದುಕೊಂಡೇ ನಿಲ್ಲಬೇಕು. ಬಾಗಿಲ ಕೀಲಿನ ಕಡೆಯ ಬಿರುಕಿಗೆ ಕಣ್ಣಿಟ್ಟರೆ ಪ್ಯಾಸೇಜೆಲ್ಲ ಕಾಣುತ್ತಿತ್ತು, ಅದರ ಆಚೆ ಮುಂಬಾಗಿಲೂ ಕಾಣುತ್ತಿತ್ತು. ಆಕೆ ಇಲ್ಲಿಂದಲೇ ನೋಡುತ್ತಿದ್ದಳು. ಬೀಗ ಅಲ್ಲಾಡಿದರೆ ಹೋಗಿ ಕುರ್ಚಿಯಲ್ಲಿ ಕೂರುತ್ತಿದ್ದಳು. ಒಂದು ದಿನ, ಒಂದೇ ಒಂದು ದಿನ ಬೇಗ ಬಂದಿದ್ದರೆ ಎಂದು ಮೇಷ್ಟ್ರಿಗೆ ಅನ್ನಿಸಿತು. ಬಂದಿದ್ದರೆ ಏನು ಮಾಡುತ್ತಿದ್ದೆ? ಎಡಗಾಲು ಸರಿಯಾಗಿ ಊರು ಎನ್ನುತ್ತಿದ್ದೆ. ಆಕೆ ಮುಚ್ಚಿಟ್ಟದ್ದೇ ಸರಿ, ಅದಕ್ಕೇ ಅದು ಇಷ್ಟು ವರ್ಷ ಬಾಳಿತು. ಆದರೂ ಆಕೆ ಈಗ ಬೇಕಾಗಿತ್ತು. ಈ ಇಕ್ಕಟ್ಟಿನಲ್ಲಿ ಪಕ್ಕದಲ್ಲಿ ಒತ್ತಿಕೊಂಡು ನಿಂತು, ಉಸಿರು ಬಿಡಬೇಡಿ ಎಂದು ಬೈಯಬೇಕಾಗಿತ್ತು. ಅದಕ್ಕಿಂತ ಹೆಚ್ಚಿನದು ಯಾವುದೂ ಅವರಿಗೆ ಬೇಡವಾಗಿತ್ತು.

ಪ್ಯಾಸೇಜಿನ ತುದಿಯಲ್ಲಿ ಕಡ್ಡಿ ಕಾಣಿಸಿಕೊಂಡಿತು. ಹೊಟ್ಟೆ ಆ ಕಡೆ ಈ ಕಡೆ ತೂಗುತ್ತ, ಕಿವಿ ಮುಂದಕ್ಕೆ ಚಾಚಿ, ತನಗೆ ಎಲ್ಲ ಗೊತ್ತಿದೆ, ಆದರೂ ಗೊತ್ತಿಲ್ಲದ ಹಾಗೆ ಬರುತ್ತಿದ್ದೇನೆ ಎಂಬ ಠೀವಿಯಲ್ಲಿ ಮೊದಲ ಕೋಣೆಗೆ ಇಣುಕಿತು. ಇಲ್ಲ. ಎರಡನೆಯ ಕೋಣೆಗೆ ಇಣುಕಿತು. ಅಲ್ಲೂ ಇಲ್ಲ. ಆಮೇಲೆ ನೆಲಕ್ಕೆ ಅಂಟಿಕೊಂಡು, ಹಿಂಭಾಗ ಅಲ್ಲಾಡಿಸುತ್ತ, ಈ ಬಾಗಿಲ ಕಡೆಗೇ ಬಂತು. ಮೇಷ್ಟ್ರಿಗೆ ನಗು ಒತ್ತರಿಸಿ ಬಂತು. ಬಾಯಿಗೆ ಕೈ ಅಡ್ಡ ಹಿಡಿದರು. ಕಣ್ಣಿಂದ ನೀರು ಇಳಿಯುತ್ತಿತ್ತು, ನಗು ನಿಲ್ಲುತ್ತಿರಲಿಲ್ಲ. ಕಡ್ಡಿ ಸಂದಿಗೆ ತಲೆ ತೂರಿಸಿ, ಅವರ ಮುಖವನ್ನು ಬಹಳ ಹೊತ್ತು ನೋಡಿತು. ಹುಡುಕಿದ್ದು ಇವರನ್ನಲ್ಲ ಎಂದು ಅದಕ್ಕೂ ಗೊತ್ತಿತ್ತು, ಮೇಷ್ಟ್ರಿಗೂ ಗೊತ್ತಿತ್ತು. ಆಮೇಲೆ ಅದು ಮುಂಗಾಲೆತ್ತಿ ಅವರ ಬರಿಗಾಲಿನ ಮೇಲೆ ಮೆಲ್ಲಗೆ ಇಟ್ಟಿತು.

“ಸಿಕ್ಕಿಬಿದ್ದೆ ಕಣೇ,” ಎಂದರು ಮೇಷ್ಟ್ರು.